ದೀಪ ಮತ್ತು ಬೋಗುಣಿ

ಬೆಳಗಾವಿಯಿಂದ ಪಣಜಿಯ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಖಾನಾಪುರ ಹಿಂದಾಗಿ, ಅನಮೋಡ ಘಟ್ಟ ಇನ್ನೂ ಮುಂದಿರುವಾಗ ರಾಮನಗರ ಸಿಗುತ್ತದೆ. ಸ್ಥಳಪುರಾಣವಿಲ್ಲದ ಊರು ಇದು. ಕಾಳಿ ಮತ್ತು ಪಾಂಢರಿ ನದಿಗಳ ಸಂಗಮದಲ್ಲಿದ್ದ ಸೂಪಾ ಎಂಬ ಹಳೆಯ ತಾಲ್ಲೂಕು ಕೇಂದ್ರ 1980ರ ದಶಕದಲ್ಲಿ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿತು. ತಾಲ್ಲೂಕಿನ ಕಚೇರಿಗಳು ಜೋಯಿಡಾಕ್ಕೆ ಹೋದವು. ಮನೆ ಗದ್ದೆಗಳನ್ನು ನೀರಿಗೆ ಬಿಟ್ಟವರಲ್ಲಿ ಅನೇಕರು ರಾಮನಗರಕ್ಕೆ ಬಂದು ನೆಲೆಸಿದರು. ನಾಡಿಗೆ ವಿದ್ಯುತ್ತು ಬಂತು. ಇವರಿಗೆ ಹೊಸ ವಿಳಾಸ ಬಂತು. ಮನೆಯಲ್ಲಿ ಕೊಂಕಣಿ, ಸಂತೆಯಲ್ಲಿ ಮರಾಠಿ, ಶಾಲೆಯಲ್ಲಿ ಕನ್ನಡ ಎಂದು ಮೂರು ಮಾತುಗಳ ನಡುವೆ ಇಲ್ಲಿಯ ಮಕ್ಕಳು ಬೆಳೆಯುತ್ತಾರೆ.

ಇಂಥ ಊರಿನ ಒಂದು ಕ್ರೈಸ್ತ ಕುಟುಂಬದ ಹುಡುಗಿ ಹನ್ನೆರಡನೆಯ ತರಗತಿ ಮುಗಿಸಿ ನರ್ಸಿಂಗ್ ಓದಲು ಬೆಳಗಾವಿಗೋ ಹುಬ್ಬಳ್ಳಿಗೋ ಮಂಗಳೂರಿಗೋ ಹೊರಡುತ್ತಾಳೆಂದರೆ ಅದರಲ್ಲಿ ಯಾರಿಗೂ ಆಶ್ಚರ್ಯವಿಲ್ಲ. ನೆರೆಹೊರೆಯವರು ‘ಒಳ್ಳೆಯ ಕೆಲಸ, ಸೇವೆಯ ಕೆಲಸ’ ಎನ್ನುತ್ತಾರೆ. ತಮ್ಮ ಮಗಳನ್ನು ಕಳಿಸುತ್ತೀರಾ ಎಂದು ಕೇಳಿದರೆ ಮಾತು ಬೇರೆಡೆಗೆ ತಿರುಗುವುದುಂಟು. ಈ ಹೊಗಳಿಕೆ ಮತ್ತು ಈ ಹಿಂಜರಿಕೆ ಎರಡೂ ಒಂದೇ ಬಾಯಿಂದ ಹೇಗೆ ಬರುತ್ತವೆ ಎಂಬುದನ್ನು ವಿಚಾರಿಸಬೇಕೆಂದು ಈ ಲೇಖನ. ಯಾವ ಒಬ್ಬಳ ಜೀವನಚರಿತ್ರೆಯನ್ನೂ ಬರೆಯುವುದು ನನ್ನ ಉದ್ದೇಶವಲ್ಲ.

ಶುಶ್ರೂಷಾ ಶಾಲೆಗಳಲ್ಲಿ ಮೊದಲ ವರ್ಷ ದೀಪ ಬೆಳಗಿಸುವ ಸಮಾರಂಭ ನಡೆಯುತ್ತದೆ. ಬಿಳಿಯ ಉಡುಪಿನ ವಿದ್ಯಾರ್ಥಿನಿಯರು ಸಾಲಾಗಿ ನಿಂತು, ಕೈಯಲ್ಲಿ ಹಣತೆಯನ್ನೋ ಮೇಣದ ಬತ್ತಿಯನ್ನೋ ಹಿಡಿದು, ಫ್ಲಾರೆನ್ಸ್ ನೈಟಿಂಗೇಲ್ ಹೆಸರಿನ ಪ್ರತಿಜ್ಞೆಯನ್ನು ಸ್ವೀಕರಿಸುತ್ತಾರೆ. (ಆ ಪ್ರತಿಜ್ಞೆಯನ್ನು ನೈಟಿಂಗೇಲ್ ಬರೆದವಳಲ್ಲ, 1893ರಲ್ಲಿ ಅಮೆರಿಕದ ಡೆಟ್ರಾಯಿಟ್ ನಗರದಲ್ಲಿ ಒಂದು ಶುಶ್ರೂಷಾ ಶಾಲೆಯವರು ರಚಿಸಿ ಆಕೆಯ ಹೆಸರಿಟ್ಟರು.) ತಂದೆತಾಯಿಗಳು ಅಂದು ಬರುತ್ತಾರೆ, ಛಾಯಾಚಿತ್ರಗಳಾಗುತ್ತವೆ. ಮರುದಿನದಿಂದ ದೀಪವಿಲ್ಲ, ಬೋಗುಣಿ. ಏಳಲಾಗದ ರೋಗಿಯ ಮೈ ಒರೆಸಬೇಕು. ವಾಂತಿಗೆ ಬೋಗುಣಿ ಹಿಡಿಯಬೇಕು. ಬೆಡ್‌ಪ್ಯಾನ್ ಇಟ್ಟು, ತೆಗೆದು, ಅದರಲ್ಲಿ ರಕ್ತವಿದೆಯೆ ಎಂದು ನೋಡಿ ಬರೆಯಬೇಕು. ಒಂದೇ ಮಗ್ಗುಲಲ್ಲಿ ಮಲಗಿದವನಿಗೆ ಬೆನ್ನು ಹುಣ್ಣಾಗುತ್ತದೆಂದು ಎರಡು ಗಂಟೆಗೊಮ್ಮೆ ಹೊರಳಿಸಬೇಕು. ಪ್ರಾಣ ಹೋದ ಮೇಲೆ ಕಣ್ಣು ಮುಚ್ಚಿ, ದೇಹ ಶುಚಿಗೊಳಿಸಿ ಬಂಧುಗಳಿಗೆ ಒಪ್ಪಿಸಬೇಕು. ಹದಿನೆಂಟು ಹತ್ತೊಂಬತ್ತರ ಹುಡುಗಿ ಮನೆಯಲ್ಲಿ ತನ್ನ ಅಜ್ಜನಿಗೂ ಮಾಡದಿದ್ದ ಕೆಲಸವನ್ನು ಅಪರಿಚಿತನೊಬ್ಬನಿಗೆ ಮೂಗು ಮುರಿಯದೆ ಮಾಡಲು ಕಲಿಯಬೇಕು. ಮುಖದ ಸ್ನಾಯುಗಳಿಗೂ ಅಲ್ಲಿ ಶಿಕ್ಷಣವುಂಟು, ಅದಕ್ಕೆ ಪಠ್ಯಪುಸ್ತಕವಿಲ್ಲ.

ಆಕೆ ಬಾಲ್ಯದಿಂದ ನೋಡಿದ ಒಂದು ಆಚರಣೆ ಇಲ್ಲಿ ನೆನಪಿಗೆ ಬರುತ್ತದೆ. ಪವಿತ್ರ ಗುರುವಾರದ ಸಂಜೆ ಗುರುಗಳು ನಡುವಿಗೆ ಅಂಗವಸ್ತ್ರ ಸುತ್ತಿ, ಬೋಗುಣಿಯಲ್ಲಿ ನೀರು ತಂದು, ಹನ್ನೆರಡು ಜನರ ಪಾದ ತೊಳೆಯುತ್ತಾರೆ. ಕ್ರಿಸ್ತನು ತನ್ನ ಕೊನೆಯ ಭೋಜನದ ರಾತ್ರಿ ಶಿಷ್ಯರಿಗೆ ಮಾಡಿದ್ದರ ಸ್ಮರಣೆ ಅದು. ಅಂದಿನ ಕಾಲಕ್ಕೆ ಅದು ಮನೆಯ ಆಳು ಮಾಡುವ ಕೆಲಸ. ಆದ್ದರಿಂದಲೇ ಪೇತ್ರನು ಮೊದಲು ಒಪ್ಪಲಿಲ್ಲ. ವಿಧಿಯ ನಿಯಮದಂತೆ ಆ ಹನ್ನೆರಡು ಜನರೂ ಗಂಡಸರೇ ಆಗಿರಬೇಕಾಗಿತ್ತು. 2016ರಲ್ಲಿ ಪೋಪ್ ಫ್ರಾನ್ಸಿಸರು ನಿಯಮ ಬದಲಿಸಿ ಸ್ತ್ರೀಯರನ್ನೂ ಸೇರಿಸಿಕೊಳ್ಳಬಹುದೆಂದರು. ಚರ್ಚಿನಲ್ಲಿ ವರ್ಷಕ್ಕೊಮ್ಮೆ ನಡೆಯುವುದು ವಾರ್ಡಿನಲ್ಲಿ ದಿನಕ್ಕೆ ಮೂರು ಪಾಳಿ ನಡೆಯುತ್ತದೆ. ಹೊಲಸು ಎಂದು ಎಲ್ಲರೂ ಸರಿಯುವ ಕೆಲಸಕ್ಕೆ ಒಂದು ಮರ್ಯಾದೆಯುಂಟೆಂದು ನಂಬಲು ಆ ಹುಡುಗಿಗೆ ವಾದ ಬೇಕಾಗಿರಲಿಲ್ಲ; ಚಿಕ್ಕಂದಿನಲ್ಲೇ ಕಣ್ಣಾರೆ ಕಂಡಿದ್ದಳು. ಶ್ರದ್ಧೆಯಿಂದ ಆಕೆಗೆ ದೊರೆತ ದೊಡ್ಡ ಉಪಕಾರ ಇದೇ ಇರಬೇಕೆಂದು ನನಗೆ ತೋರುತ್ತದೆ.

ಆದರೆ ಶ್ರದ್ಧೆಯೊಂದೇ ಸಾಲದು ಎಂಬುದನ್ನು ನೈಟಿಂಗೇಲಳೇ ಕಂಡುಕೊಂಡಳು. ಹದಿನಾರನೆಯ ವಯಸ್ಸಿನಲ್ಲಿ, 1837ರ ಫೆಬ್ರವರಿ 7ರಂದು, ದೇವರು ತನ್ನನ್ನು ಸೇವೆಗೆ ಕರೆದನೆಂದು ಆಕೆ ಬರೆದುಕೊಂಡಳು. ಆಗಿನ ಇಂಗ್ಲೆಂಡಿನಲ್ಲಿ ಆಸ್ಪತ್ರೆಯ ದಾದಿಯೆಂದರೆ ಕುಡುಕಿ, ನಡತೆಗೆಟ್ಟವಳು ಎಂಬ ಭಾವನೆ. ಸಿರಿವಂತರ ಮನೆಯವರು ಒಪ್ಪಲಿಲ್ಲ. ಹದಿನಾಲ್ಕು ವರ್ಷ ಕಾದ ಮೇಲೆ 1851ರಲ್ಲಿ ಜರ್ಮನಿಯ ಕೈಸರ್ಸ್‌ವರ್ತ್ ಎಂಬಲ್ಲಿ ಪಾದ್ರಿ ಫ್ಲೀಡ್ನರ್ 1836ರಲ್ಲಿ ತೆರೆದಿದ್ದ ಸೇವಿಕೆಯರ ಮಠದಲ್ಲಿ ಆಕೆ ಸುಮಾರು ಮೂರು ತಿಂಗಳು ವಿದ್ಯಾರ್ಥಿನಿಯಾಗಿದ್ದಳು. ಮುಂದೆ ಹಿಂತಿರುಗಿ ನೋಡಿ ಆಕೆ ಕೊಟ್ಟ ತೀರ್ಪು ನಿಷ್ಠುರವಾದದ್ದು: ಅಲ್ಲಿಯ ಅರ್ಪಣಭಾವ ಅತಿ ಶ್ರೇಷ್ಠವಾಗಿತ್ತು, ಶುಶ್ರೂಷೆಯೆಂಬುದು ಇರಲೇ ಇಲ್ಲ, ನೈರ್ಮಲ್ಯವಂತೂ ಭಯಂಕರ. ಪ್ರಾರ್ಥನೆಯಿಂದ ಕೈ ಶುದ್ಧವಾಗುವುದಿಲ್ಲ, ಸಾಬೂನು ಬೇಕು. 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಆಕೆಯ ಹೆಸರಿನ ಶಾಲೆ ತೆರೆದಾಗ ಅದು ಮಠವಾಗದೆ ಶಾಲೆಯೇ ಆದದ್ದು ಈ ಅನುಭವದ ಫಲ. ನಮ್ಮ ರೋಗಿಗಳು ಯಾವ ಜಾತಿ ಮತದ ದಾದಿಯನ್ನಾದರೂ ‘ಸಿಸ್ಟರ್’ ಎಂದು ಕರೆಯುವುದು ಮಾತ್ರ ಆ ಹಳೆಯ ಮಠಗಳ ಉಳಿಕೆ.

ನಮ್ಮ ದೇಶದಲ್ಲಿ ಈ ವೃತ್ತಿ ಬಹುಕಾಲ ಕ್ರೈಸ್ತ ಹೆಣ್ಣುಮಕ್ಕಳ ಪಾಲಿಗೆ ಬಂದದ್ದೇಕೆ? ಹೆರಿಗೆಗೆ ಮೈಲಿಗೆ, ಸಾವಿಗೆ ಸೂತಕ, ಮಲಮೂತ್ರಕ್ಕೆ ಒಂದು ಜಾತಿ ಎಂದು ಹಂಚಿಟ್ಟ ಸಮಾಜದಲ್ಲಿ ಈ ಮೂರನ್ನೂ ಒಬ್ಬಳೇ ಮುಟ್ಟಬೇಕಾದ ಕೆಲಸ ಇದು. ಹಳ್ಳಿಯ ಸೂಲಗಿತ್ತಿಯನ್ನು ಹೆರಿಗೆಯ ಹೊತ್ತಿಗೆ ಓಡಿಹೋಗಿ ಕರೆತಂದವರೂ ಆಮೇಲೆ ಆಕೆಯನ್ನು ಹೊರಗೇ ನಿಲ್ಲಿಸಿದರು. (ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂತು, ಆ ವರ್ಷದ ಕೊನೆಯಲ್ಲಿ ಅವರು ತೀರಿಕೊಂಡರು.) ಇದರ ಮೇಲೆ ರಾತ್ರಿ ಪಾಳಿ, ಪರಪುರುಷರ ಸ್ಪರ್ಶ. ಒಂದು ಕಡೆ ಪುರುಷ ವೈದ್ಯನನ್ನು ಹೆಂಡತಿಯ ಕೋಣೆಗೆ ಬಿಡಲೊಲ್ಲದ ಗಂಡಂದಿರು, ಇನ್ನೊಂದು ಕಡೆ ಸ್ತ್ರೀಯರನ್ನು ಈ ಕೆಲಸಕ್ಕೆ ಬಿಡಲೊಲ್ಲದ ತಂದೆಯರು. ಇವರಿಬ್ಬರ ನಡುವೆ ಸತ್ತ ಬಾಣಂತಿಯರ ಲೆಕ್ಕ ಇಟ್ಟವರಿಲ್ಲ. ತಮಿಳುನಾಡಿನ ತಿಂಡಿವನದಲ್ಲಿ ಒಂದೇ ರಾತ್ರಿ ಮೂವರು ಗಂಡಂದಿರು ಬೇರೆ ಬೇರೆಯಾಗಿ ಬಂದು ಸ್ತ್ರೀಯ ನೆರವು ಕೇಳಿ, ವೈದ್ಯನಾದ ತಂದೆಯನ್ನು ಕಳಿಸುತ್ತೇನೆಂದರೆ ಬೇಡವೆಂದು ಹೋದುದನ್ನೂ, ಬೆಳಗಾಗುವಾಗ ಮೂವರು ಹೆಂಡಂದಿರೂ ತೀರಿಕೊಂಡುದನ್ನೂ ಕಂಡ ಅಮೆರಿಕನ್ ಹುಡುಗಿ ಐಡಾ ಸ್ಕಡರ್ ವೈದ್ಯೆಯಾಗಿ ವೆಲ್ಲೂರಿಗೆ ಮರಳಿದಳು. 1909ರಲ್ಲಿ ಅಲ್ಲಿ ದಾದಿಯರ ಶಾಲೆ ಆರಂಭವಾಯಿತು. 1906ರಲ್ಲಿ ಸ್ವಿಟ್ಸರ್ಲೆಂಡಿನ ಹೋಲಿ ಕ್ರಾಸ್ ಭಗಿನಿಯರು ತಿರುವಾಂಕೂರಿಗೆ ಬಂದರು. ಇಂದು ಜಗತ್ತಿನ ತುಂಬ ಮಲಯಾಳಿ ದಾದಿಯರಿರುವುದಕ್ಕೆ ಅದೂ ಒಂದು ಮೂಲ. ಕನ್ನಡನಾಡಿನಲ್ಲಿಯೂ ಹಾಗೆಯೇ. ಬೆಂಗಳೂರಿನ ಸೇಂಟ್ ಮಾರ್ಥಾ ಆಸ್ಪತ್ರೆ 1886ರದು, ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆ 1906ರದು. ಮಂಗಳೂರಿನ ಕಂಕನಾಡಿಯಲ್ಲಿ ಜರ್ಮನ್ ಯೇಸುಸಭೆಯ ಫಾದರ್ ಮುಲ್ಲರ್ 1880ರಲ್ಲಿ ಮರದ ಕೆಳಗೆ ಹೋಮಿಯೋಪಥಿ ಔಷಧ ಹಂಚುತ್ತ ಆರಂಭಿಸಿದರು. ಹತ್ತು ವರ್ಷದಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿದರು. ಉಡುಪಿಯಲ್ಲಿ ಬಾಸೆಲ್ ಮಿಶನ್ನಿನ ಡಾಕ್ಟರ್ ಈವಾ ಲೊಂಬಾರ್ಡ್ 1923ರಲ್ಲಿ ಹೆಂಗಸರು ಮಕ್ಕಳಿಗಾಗಿ ಆಸ್ಪತ್ರೆ ತೆರೆದರು.

ಈ ಕಥೆಯನ್ನು ಕ್ರೈಸ್ತರ ಔದಾರ್ಯ, ಇತರರ ಸಂಕೋಚ ಎಂದು ಸರಳವಾಗಿ ಹೇಳಿ ಮುಗಿಸುವವರುಂಟು. ಅದು ಪೂರ್ಣ ಸತ್ಯವಲ್ಲ. ಮೈಲಿಗೆಯ ಭಾವನೆ ರೋಮಿನಲ್ಲಿಯೂ ಇತ್ತು, ಬೇರೆ ಹೆಸರಿನಲ್ಲಿ. ವ್ರತ ತೊಟ್ಟ ಸಂನ್ಯಾಸಿನಿಯರು ರೋಗಿಗಳ ಆರೈಕೆ ಮಾಡಬಹುದು, ಹೆರಿಗೆ ಮಾಡಿಸಕೂಡದು, ವೈದ್ಯಕೀಯ ವೃತ್ತಿ ನಡೆಸಕೂಡದು ಎಂದು ಕ್ಯಾಥೊಲಿಕ್ ಧರ್ಮಸಭೆಯ ಕಟ್ಟಳೆಯಿತ್ತು. ಬ್ರಹ್ಮಚರ್ಯಕ್ಕೆ ಅದು ತಕ್ಕುದಲ್ಲವೆಂದು ಭಾವಿಸಿದ್ದರು. ಸ್ಕಾಟ್ಲೆಂಡಿನ ವೃದ್ಧ ವೈದ್ಯೆ ಆಗ್ನೆಸ್ ಮ್ಯಾಕ್‌ಲಾರೆನ್ ಇದನ್ನು ಸಡಿಲಿಸಿರೆಂದು ಮತ್ತೆ ಮತ್ತೆ ರೋಮಿಗೆ ಮೊರೆಯಿಟ್ಟು, ಫಲ ಕಾಣದೆ 1913ರಲ್ಲಿ ತೀರಿಕೊಂಡಳು. ಆಕೆಯ ಪ್ರೇರಣೆಯಿಂದ ವೈದ್ಯೆಯಾದ ಆಸ್ಟ್ರಿಯದ ಆನಾ ಡೆಂಗೆಲ್ ರಾವಲ್ಪಿಂಡಿಯಲ್ಲಿ ಪರದೆಯ ಹಿಂದಿನ ಹೆಂಗಸರು ಚಿಕಿತ್ಸೆಯಿಲ್ಲದೆ ಸಾಯುವುದನ್ನು ಕಂಡಳು. 1925ರಲ್ಲಿ ಆಕೆ ವೈದ್ಯಕೀಯ ಸೇವೆಗೆಂದೇ ಒಂದು ಭಗಿನಿಯರ ಸಂಘ ಕಟ್ಟಿದಾಗ, ಕಟ್ಟಳೆಯ ಕಾರಣದಿಂದ, ಅದರ ಸದಸ್ಯೆಯರು ಬಹಿರಂಗ ವ್ರತ ಸ್ವೀಕರಿಸುವಂತಿರಲಿಲ್ಲ. 1936ರ ಫೆಬ್ರವರಿಯಲ್ಲಿ ರೋಮ್ ಮಣಿಯಿತು. ಭಗಿನಿಯರು ವೈದ್ಯಶಾಸ್ತ್ರವನ್ನೂ ಪ್ರಸೂತಿ ಶಾಸ್ತ್ರವನ್ನೂ ಕಲಿತು ನಡೆಸಬಹುದೆಂದು ಆಜ್ಞೆ ಹೊರಟಿತು. ಅದಕ್ಕೂ ಮೊದಲೇ ವಿಶೇಷ ಅನುಮತಿ ಪಡೆದು 1920ರಲ್ಲಿ ಗುಂಟೂರಿಗೆ ಬಂದಿದ್ದ ಆಸ್ಟ್ರೇಲಿಯದ ವೈದ್ಯೆ ಮೇರಿ ಗ್ಲೌರಿ ಅಲ್ಲಿಯ ಹೆಣ್ಣುಮಕ್ಕಳಿಗೆ ಶುಶ್ರೂಷೆ, ಪ್ರಸೂತಿ ಕಲಿಸುತ್ತಿದ್ದರು. 1943ರಲ್ಲಿ ಕ್ಯಾಥೊಲಿಕ್ ಆಸ್ಪತ್ರೆಗಳನ್ನು ಒಂದು ಸಂಘದ ಕೆಳಗೆ ತಂದರು. ಒಂದು ವೈದ್ಯಕೀಯ ಕಾಲೇಜು ಆಗಬೇಕೆಂಬುದು ಅವರ ಹಂಬಲ. 1957ರಲ್ಲಿ ಅವರು ಬೆಂಗಳೂರಿನಲ್ಲಿ ಕಾಲವಾದರು. 1963ರಲ್ಲಿ ಅದೇ ಬೆಂಗಳೂರಿನಲ್ಲಿ ಸೇಂಟ್ ಜಾನ್ಸ್ ಕಾಲೇಜು ಆರಂಭವಾಯಿತು. ಇಂದು ರಾಮನಗರದ ಹುಡುಗಿ ಹೆರಿಗೆ ಕೋಣೆಯಲ್ಲಿ ನಿಂತು, ತಾನು ಕೈಯಾರೆ ಮಾಡಿಸಿದ ಹೆರಿಗೆಗಳನ್ನು ಪುಸ್ತಕದಲ್ಲಿ ದಾಖಲಿಸಿ ಸಹಿ ಪಡೆಯುತ್ತಾಳಲ್ಲ, ಆ ಸಹಜ ದೃಶ್ಯದ ಹಿಂದೆ ತಮ್ಮ ಧರ್ಮಸಭೆಯೊಡನೆಯೇ ವಾದಿಸಿದ ಕೆಲವು ಹಟಮಾರಿ ಭಕ್ತೆಯರಿದ್ದಾರೆ.

ಇನ್ನು ಸಂಬಳದ ಮಾತು. ಸೇವೆಯ ವಿಷಯ ಬರೆಯುವಾಗ ಇದನ್ನೆತ್ತುವುದು ಅಪಸ್ವರವೆಂದು ಕೆಲವರಿಗೆ ತೋರಬಹುದು. ನನಗೆ ಹಾಗೆ ತೋರುವುದಿಲ್ಲ. ಭೋರ್ ಸಮಿತಿ 1946ರಲ್ಲಿ ವರದಿ ಕೊಟ್ಟಾಗ ದೇಶದಲ್ಲಿ ಇದ್ದ ದಾದಿಯರು ಸುಮಾರು 7,000, ಎಂದರೆ 43,000 ಜನಕ್ಕೊಬ್ಬಳು. ಅಂದಿನಿಂದ ಶಾಲೆಗಳು ಬೆಳೆದವು, ಖಾಸಗಿ ಆಸ್ಪತ್ರೆಗಳು ಅದಕ್ಕಿಂತ ವೇಗವಾಗಿ ಬೆಳೆದವು, ಸಂಬಳ ಮಾತ್ರ ‘ಸೇವೆ’ ಎಂಬ ಪದದ ನೆರಳಿನಲ್ಲಿ ಕುಳ್ಳಾಗಿಯೇ ಉಳಿಯಿತು. 2016ರ ಜನವರಿಯಲ್ಲಿ ಸುಪ್ರೀಂ ಕೋರ್ಟು ನಿರ್ದೇಶಿಸಿದ ಮೇಲೆ ಕೇಂದ್ರ ಸರ್ಕಾರ ನೇಮಿಸಿದ ಸಮಿತಿ, ಐವತ್ತಕ್ಕಿಂತ ಕಡಿಮೆ ಹಾಸಿಗೆಯ ಖಾಸಗಿ ಆಸ್ಪತ್ರೆಯಲ್ಲಿಯೂ ದಾದಿಗೆ ತಿಂಗಳಿಗೆ 20,000 ರೂಪಾಯಿಗೆ ಕಡಿಮೆ ಕೊಡಕೂಡದೆಂದೂ, ಇನ್ನೂರಕ್ಕಿಂತ ಹೆಚ್ಚು ಹಾಸಿಗೆಯಿದ್ದಲ್ಲಿ ಸರ್ಕಾರಿ ಸಂಬಳವನ್ನೇ ಕೊಡಬೇಕೆಂದೂ ಹೇಳಿತು. ಅದು ಶಿಫಾರಸು. ಶಿಕ್ಷಣಸಾಲ ತೀರಿಸಬೇಕಾದ ಹುಡುಗಿ ಕೊಲ್ಲಿಯ ದೇಶಗಳ, ಇಂಗ್ಲೆಂಡಿನ ಕಡೆಗೆ ನೋಡಿದರೆ ಆಕೆಯ ಶ್ರದ್ಧೆ ಕುಂದಿತೆಂದು ನಿಟ್ಟುಸಿರಿಡುವವರು ಮೊದಲು ಆಕೆಯ ಸಂಬಳದ ಚೀಟಿಯನ್ನು ನೋಡಲಿ.

ಸೇವೆಯ ಉಪದೇಶಕ್ಕೆ ಎಲ್ಲರೂ ಎತ್ತಿಕೊಳ್ಳುವ ಕಥೆ ಲೂಕನ ಸುವಾರ್ತೆಯ ಸಮಾರ್ಯದವನದು. ದರೋಡೆಗೆ ಸಿಕ್ಕು ದಾರಿಯಲ್ಲಿ ಬಿದ್ದವನನ್ನು ಯಾಜಕನೂ ಲೇವಿಯೂ ನೋಡಿ ಸರಿದುಹೋದರು. ಅನ್ಯನೊಬ್ಬ ಗಾಯಕ್ಕೆ ಎಣ್ಣೆ ದ್ರಾಕ್ಷಾರಸ ಹೊಯ್ದು ಕಟ್ಟಿದ. ಇಲ್ಲಿಗೆ ಕಥೆಯನ್ನು ನಿಲ್ಲಿಸುವುದು ರೂಢಿ. ಮುಂದೆ ಆತ ಗಾಯಾಳುವನ್ನು ಛತ್ರಕ್ಕೆ ಒಯ್ದು, ಮರುದಿನ ಎರಡು ಬೆಳ್ಳಿ ನಾಣ್ಯಗಳನ್ನು ಛತ್ರದವನ ಕೈಗಿಟ್ಟು, ಇವನನ್ನು ಆರೈಕೆ ಮಾಡು, ಹೆಚ್ಚು ಖರ್ಚಾದರೆ ಹಿಂತಿರುಗುವಾಗ ಕೊಡುತ್ತೇನೆಂದು ಹೇಳಿ ಹೋಗುತ್ತಾನೆ. ದಿನಗಟ್ಟಲೆ ಗಾಯ ತೊಳೆದವನು, ಗಂಜಿ ಕುಡಿಸಿದವನು ಆ ಹೆಸರಿಲ್ಲದ ಛತ್ರದವನು. ಅವನಿಗೆ ಮುಂಗಡವಾಗಿಯೇ ಹಣ ಸಂದಿತು. ಕಥೆ ಹೇಳಿದವನಿಗೆ ಅದು ಪುಣ್ಯಕ್ಕೆ ಕಳಂಕವೆಂದು ತೋರಲಿಲ್ಲ.

ಉತ್ತರ ಕನ್ನಡದವರಿಗೆ ಆಸ್ಪತ್ರೆಯೆಂಬುದು ದೂರದ ಮಾತು. ಕಾರವಾರದಲ್ಲಿ ವೈದ್ಯಕೀಯ ಕಾಲೇಜು 2016ರಲ್ಲಿ ಆರಂಭವಾದರೂ, ಗಂಡಾಂತರದ ರೋಗಿಗಳು ಮಂಗಳೂರು, ಹುಬ್ಬಳ್ಳಿ, ಗೋವೆಗಳಿಗೆ ಹೋಗುವುದು ತಪ್ಪಲಿಲ್ಲ. 2022ರ ಜುಲೈಯಲ್ಲಿ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಶಿರೂರಿನ ಟೋಲ್ ಗೇಟಿಗೆ ಬಡಿದು ನಾಲ್ವರು ಸತ್ತಾಗ, ಜಿಲ್ಲೆಗೊಂದು ದೊಡ್ಡ ಆಸ್ಪತ್ರೆ ಬೇಕೆಂಬ ಕೂಗು ಊರೂರಿನಿಂದ ಎದ್ದಿತು. ಆದರೆ ಕಟ್ಟಡ ಎದ್ದ ಮಾತ್ರಕ್ಕೆ ಆಸ್ಪತ್ರೆಯಾಗದು. ನಡುರಾತ್ರಿ ಎದ್ದು ಕುಳಿತು ನೀರು ಕೇಳುವ ಮುದುಕಿಗೆ ಆಕೆಯ ಮಾತಿನಲ್ಲೇ ಉತ್ತರ ಕೊಡುವವರು ಬೇಕು. ಇಂಗ್ಲಿಷ್ ಪುಸ್ತಕದಿಂದ ಪರೀಕ್ಷೆ ಗೆಲ್ಲಲು ರಾಮನಗರದ ಹುಡುಗಿಗೆ ಮೊದಲ ವರ್ಷ ಕಷ್ಟವಾಗುತ್ತದೆ, ನಿಜ. ಆದರೆ ಕುಣಬಿಯ ಕೊಂಕಣಿ, ಖಾನಾಪುರದವಳ ಮರಾಠಿ, ಹಳಿಯಾಳದವನ ಕನ್ನಡ ಮೂರರಲ್ಲಿಯೂ ‘ಎಲ್ಲಿ ನೋವು?’ ಎಂದು ಕೇಳಬಲ್ಲವಳು ವಾರ್ಡಿನಲ್ಲಿ ಆಕೆಯೊಬ್ಬಳೇ ಇರುತ್ತಾಳೆ. ಆ ಭಾಗದ ಹಿರಿಯ ಹೆಂಗಸರು ಸಿಸ್ಟರ್ ಎನ್ನುವುದಿಲ್ಲ. ‘ನರ್ಸಬಾಯಿ’ ಎನ್ನುತ್ತಾರೆ, ಸಲುಗೆ ಬೆಳೆದ ಮೇಲೆ ‘ಬಾಯಿ’ ಎಂದಷ್ಟೇ.

ಸರ್ಕಾರದ ಲೆಕ್ಕದಲ್ಲಿ ಬಯಲುಸೀಮೆಯ 5,000 ಜನಕ್ಕೊಂದು ಆರೋಗ್ಯ ಉಪಕೇಂದ್ರ, ಗುಡ್ಡಗಾಡಿನ 3,000 ಜನಕ್ಕೊಂದು. ಜೋಯಿಡಾದಂಥ ತಾಲ್ಲೂಕಿನಲ್ಲಿ ಆ 3,000 ಜನ ಒಂದು ಊರಿನಲ್ಲಿರುವುದಿಲ್ಲ; ಹುಲಿಯ ಕಾಡಿನೊಳಗೆ ನಾಲ್ಕು ಮನೆ ಅಲ್ಲಿ, ಆರು ಮನೆ ಇಲ್ಲಿ ಎಂದು ಚದುರಿರುತ್ತಾರೆ. ಮಳೆಗಾಲದಲ್ಲಿ ಹಳ್ಳ ಏರಿದರೆ ದಾರಿಯೇ ಇಲ್ಲ. ಚುಚ್ಚುಮದ್ದಿನ ಪೆಟ್ಟಿಗೆ ಹೆಗಲಿಗೇರಿಸಿ ಆ ಕಾಲುದಾರಿಯಲ್ಲಿ ನಡೆಯಲು ಹೊರಗಿನಿಂದ ಬಂದವರು ಒಂದೆರಡು ವರ್ಷ ಕಳೆದು ವರ್ಗ ಮಾಡಿಸಿಕೊಳ್ಳುತ್ತಾರೆ, ಅವರನ್ನು ದೂಷಿಸುವಂತಿಲ್ಲ. ಉಳಿಯುವವಳು ಬಹುಶಃ ಆ ಹಳ್ಳಗಳ ಹೆಸರು ಬಲ್ಲವಳು, ಯಾವ ಮನೆಯ ಸೊಸೆಗೆ ಎಷ್ಟು ತಿಂಗಳು ಎಂದು ಕೇಳದೆಯೇ ತಿಳಿದವಳು.