ಮಠದ ಭಂಡಾರವೂ ಮಕ್ಕಳ ಮೊರೆಯೂ

ಬಾರಕೂರು, ಬಸರೂರುಗಳು ಕೆಳದಿ ಅರಸರ ಆಳ್ವಿಕೆಗೆ ಒಳಪಟ್ಟಿದ್ದ ಕಾಲದಿಂದಲೂ ನಮ್ಮ ಈ ಕರಾವಳಿಗೂ ಘಟ್ಟದ ಮೇಲಿನ ಮಠಗಳಿಗೂ ನಂಟು ಉಂಟು. ಕುಂದಾಪುರ, ಬೈಂದೂರುಗಳ ಕಡೆ ನಮ್ಮ ಸಮಾಜದ ಮನೆಗಳು ವಿರಳ. ಆದುದರಿಂದ ಮಕ್ಕಳನ್ನು ಹುಲಿಕಲ್ ಘಾಟಿ ಹತ್ತಿಸಿ ಯಾವುದಾದರೊಂದು ಮಠದ ಪ್ರಸಾದನಿಲಯಕ್ಕೆ ಸೇರಿಸುವ ತಂದೆತಾಯಿಗಳು ಇಂದಿಗೂ ಇದ್ದಾರೆ. ಈ ಲೇಖಕನೂ ಹಾಗೆ ಸೇರಿ ಮಠದ ಅನ್ನ ಉಂಡು ಬೆಳೆದವನೇ. ಹೋದ ವರ್ಷ ಕೋಟದಲ್ಲಿ ಒಂದು ಮನೆಯ ಶಿವಪೂಜೆಗೆ ಹೋಗಿದ್ದಾಗ ಮಗನನ್ನು ಕಳುಹಿಸಲು ಸಿದ್ಧಳಾಗಿದ್ದ ತಾಯಿಯೊಬ್ಬಳು ಕೇಳಿದಳು: "ಅಯ್ಯಾ, ಮಗುವಿಗೆ ಅಲ್ಲಿ ಏನಾದರೂ ಆದರೆ ಉತ್ತರ ಕೊಡುವವರು ಯಾರು? ಸ್ವಾಮಿಗಳೋ, ಟ್ರಸ್ಟಿನವರೋ, ಮಠವೋ?" ನನಗೆ ತಟ್ಟನೆ ಉತ್ತರ ಹೊಳೆಯಲಿಲ್ಲ.

ಈ ಪ್ರಶ್ನೆಯನ್ನು ಜಗತ್ತಿನ ಅನೇಕ ಧರ್ಮಸಂಸ್ಥೆಗಳು ನ್ಯಾಯಾಲಯದಲ್ಲಿ ಎದುರಿಸಿವೆ. ಅಲ್ಲಿ ಅವು ಕೊಟ್ಟ ಉತ್ತರ ವಿಚಾರಾರ್ಹವಾಗಿದೆ.

ಅಮೆರಿಕದ ಡಾಲಸ್ ನಗರದ ಕೆಥೊಲಿಕ್ ಧರ್ಮಪ್ರಾಂತ್ಯದ ವಿರುದ್ಧ 1997ರ ಜುಲೈ ತಿಂಗಳಲ್ಲಿ ತೀರ್ಪುಗಾರ ಮಂಡಲಿಯೊಂದು ತನ್ನ ನಿರ್ಣಯವನ್ನು ನೀಡಿತು. ಪಾದ್ರಿಯೊಬ್ಬ ಬಾಲಕರ ಮೇಲೆ ಎಸಗಿದ ಅತ್ಯಾಚಾರವನ್ನು ತಡೆಯಲಿಲ್ಲ, ಮುಚ್ಚಿಟ್ಟಿತು ಎಂಬ ಕಾರಣಕ್ಕೆ ಆ ಸಂಸ್ಥೆ 11 ಮಂದಿ ವಾದಿಗಳಿಗೆ 11 ಕೋಟಿ 96 ಲಕ್ಷ ಡಾಲರ್ ಪರಿಹಾರ ಕೊಡಬೇಕೆಂದಾಯಿತು. ಅಷ್ಟು ಹಣ ಯಾರ ಕೈ ಸೇರಲೂ ಇಲ್ಲ. ಮರುವರ್ಷ ಸಂಧಾನವಾಗಿ ಮೊತ್ತ ಸುಮಾರು ನಾಲ್ಕನೆಯ ಒಂದು ಪಾಲಿಗೆ ಇಳಿಯಿತು. ಆದರೂ ಸೋತದ್ದು ಸೋತದ್ದೇ. ಸಾಮಾನ್ಯ ಜನರು ಕುಳಿತ ಮಂಡಲಿಯ ಮುಂದೆ ಮಕ್ಕಳ ಕಥೆ ಬಂದರೆ ಸಂಸ್ಥೆ ಉಳಿಯದು ಎಂಬ ಭಯ ಇತರರಲ್ಲಿ ಹುಟ್ಟಿತು.

ಅದೇ ಡಾಲಸ್ ನಗರದಲ್ಲಿ ನಮಗೆ ಇನ್ನೂ ಪರಿಚಿತವಾದ ಹೆಸರೊಂದು ಕೇಳಿಬಂದಿತು. ಇಸ್ಕಾನ್ ಸಂಸ್ಥೆ 1971ರಲ್ಲಿ ಅಲ್ಲಿ ಗುರುಕುಲವನ್ನು ತೆರೆದಿತ್ತು. ಮುಂದೆ ಬೇರೆ ಬೇರೆ ಕಡೆಗಳಲ್ಲಿಯೂ ಗುರುಕುಲಗಳು ನಡೆದವು. ಅಲ್ಲಿ ಬೆಳೆದ 40ಕ್ಕೂ ಹೆಚ್ಚು ಮಂದಿ, ಬಾಲ್ಯದಲ್ಲಿ ತಮ್ಮ ಮೇಲೆ ದೌರ್ಜನ್ಯವಾಯಿತೆಂದು 2000ದಲ್ಲಿ 40 ಕೋಟಿ ಡಾಲರಿನ ದಾವೆ ಹೂಡಿದರು. ಗುರುಕುಲ ಎಂಬ ಶಬ್ದವನ್ನು ಆ ಸಂದರ್ಭದಲ್ಲಿ ಓದಿದಾಗ ನನ್ನಂಥವನಿಗೆ ಆದ ಸಂಕಟವನ್ನು ಹೇಳಲಾರೆ. 2002ರಲ್ಲಿ ಅಲ್ಲಿನ ಹಲವು ದೇವಾಲಯಗಳು ದಿವಾಳಿ ಕಾನೂನಿನ ಹನ್ನೊಂದನೆಯ ಅಧ್ಯಾಯದ ಆಶ್ರಯ ಬೇಡಿದವು.

ಈ ಉಪಾಯದ ಮರ್ಮವನ್ನು ತಿಳಿಯಬೇಕು. ದಿವಾಳಿ ಅರ್ಜಿ ಸಲ್ಲಿಕೆಯಾದ ಕ್ಷಣವೇ ಉಳಿದೆಲ್ಲ ದಾವೆಗಳು ನಿಂತುಹೋಗುತ್ತವೆ. ನೊಂದವನು ಸಾಕ್ಷಿಯಾಗಿ ನಿಲ್ಲದೆ ಸಾಲಗಾರರ ಸಾಲಿನಲ್ಲಿ ಒಬ್ಬ ಸಾಲಿಗನಾಗಿ ನಿಲ್ಲುತ್ತಾನೆ. ಅವನ ಕಥೆಯನ್ನು ತುಂಬಿದ ಸಭೆಯಲ್ಲಿ ಯಾರೂ ಕೇಳುವುದಿಲ್ಲ, ಅದಕ್ಕೊಂದು ಬೆಲೆ ಕಟ್ಟಲಾಗುತ್ತದೆ. 2005ರಲ್ಲಿ ಒಪ್ಪಿಗೆಯಾದ ಯೋಜನೆಯಂತೆ 95 ಲಕ್ಷ ಡಾಲರುಗಳನ್ನು ನೂರಾರು ಮಂದಿಗೆ ಹಂಚಲಾಯಿತು. ಇಲ್ಲಿ ನ್ಯಾಯವಾಗಿ ಒಂದು ಮಾತು ಹೇಳಬೇಕು. ದಾವೆ ಹೂಡದೆ ಸುಮ್ಮನಿದ್ದವರಿಗೂ ಈ ಮಾರ್ಗದಿಂದ ಪಾಲು ಸಿಕ್ಕಿತು. ಅಲ್ಲದೆ ಆ ಸಂಸ್ಥೆ ಗುರುಕುಲಗಳ ದೌರ್ಜನ್ಯದ ಅಧ್ಯಯನವನ್ನು ದಾವೆಗೆ ಮುನ್ನವೇ, 1998ರಲ್ಲಿ, ತನ್ನದೇ ನಿಯತಕಾಲಿಕದಲ್ಲಿ ಅಚ್ಚುಮಾಡಿತ್ತು. ಮಕ್ಕಳ ರಕ್ಷಣೆಗೆ ಕಚೇರಿಯನ್ನೂ ತೆರೆದಿತ್ತು. ನಮ್ಮ ಯಾವ ಪತ್ರಿಕೆ ಅಂಥದನ್ನು ಅಚ್ಚುಮಾಡೀತು?

2004ರ ಜುಲೈಯಲ್ಲಿ ಪೋರ್ಟ್‌ಲೆಂಡಿನ ಕೆಥೊಲಿಕ್ ಮಹಾಧರ್ಮಪ್ರಾಂತ್ಯವೂ ಅದೇ ಹಾದಿ ಹಿಡಿಯಿತು. ವಿಚಾರಣೆ ಆರಂಭವಾಗಬೇಕಿದ್ದ ದಿನವೇ ಅರ್ಜಿ ಬಿತ್ತು. ಊರೂರಿನ ಚರ್ಚು, ಶಾಲೆಗಳು ತನ್ನವಲ್ಲ, ಆಯಾ ಊರಿನ ಭಕ್ತರವು ಎಂದು ಅದು ವಾದಿಸಿತು. ಕಾಗದಪತ್ರಗಳೆಲ್ಲ ಬಿಷಪ್ಪರ ಹೆಸರಿನಲ್ಲಿದ್ದುದರಿಂದ 2005ರ ಡಿಸೆಂಬರಿನಲ್ಲಿ ನ್ಯಾಯಾಲಯ ಆ ವಾದವನ್ನು ತಳ್ಳಿಹಾಕಿತು. ಮಿಲ್ವಾಕಿಯಲ್ಲಿ ಇನ್ನೂ ವಿಚಿತ್ರ. 2007ರಲ್ಲಿ ಸುಮಾರು 5 ಕೋಟಿ 70 ಲಕ್ಷ ಡಾಲರುಗಳನ್ನು ಸ್ಮಶಾನಗಳ ನಿರ್ವಹಣೆಯ ಟ್ರಸ್ಟಿಗೆ ವರ್ಗಾಯಿಸಿದರು. 2011ರಲ್ಲಿ ದಿವಾಳಿ ಅರ್ಜಿ ಹಾಕಿದರು. ಹಣವನ್ನು ದಾವೆಗಳಿಂದ ಕಾಪಾಡಲೆಂದೇ ಈ ವರ್ಗಾವಣೆಗೆ ರೋಮಿನ ಅನುಮತಿ ಬೇಡಿದ ಪತ್ರ 2013ರಲ್ಲಿ ಬಯಲಾಯಿತು. ಸತ್ತವರ ಹೆಸರಿನಲ್ಲಿ ಬದುಕಿದ್ದವರಿಂದ ಹಣವನ್ನು ಬಚ್ಚಿಟ್ಟಂತಾಯಿತು.

ಇನ್ನು ನಮ್ಮ ಮನೆಯ ಮಾತು. ನಮ್ಮ ಕಾನೂನಿನಲ್ಲಿ ಮಠದ ಆಸ್ತಿ ಸ್ವಾಮಿಗಳ ಸ್ವಂತದ್ದಲ್ಲ. ಅವರದು ಅಧಿಕಾರವೂ ಹೌದು, ಹೊಣೆಯೂ ಹೌದು. ಮಠಾಧಿಪತಿಯ ಈ ಸ್ಥಾನವನ್ನು ಸುಪ್ರೀಂ ಕೋರ್ಟು 1954ರಲ್ಲಿ ವಿವರಿಸಿದ್ದು ನಮ್ಮ ಉಡುಪಿಯ ಶೀರೂರು ಮಠದ ಪ್ರಕರಣದಲ್ಲಿಯೇ. ಆದರೆ ಅಮೆರಿಕದಂತೆ ಮಠದ ಭಂಡಾರಕ್ಕೆ ಕೈಹಾಕುವ ದಾವೆಗಳು ಇಲ್ಲಿ ಅಪರೂಪ. 2012ರ ಪೋಕ್ಸೋ ಕಾಯಿದೆಯಲ್ಲಿ ಮಗುವಿಗೆ ಕೊಡುವ ಪರಿಹಾರ ಸಾಮಾನ್ಯವಾಗಿ ಸರಕಾರದ ನಿಧಿಯಿಂದ ಬರುತ್ತದೆ. ಆದ್ದರಿಂದ ಅಲ್ಲಿ ಭಂಡಾರವನ್ನು ಕಾಯುವ ಯುಕ್ತಿ ನಡೆದರೆ, ಇಲ್ಲಿ ಪೀಠವನ್ನು ಕಾಯುವ ಯುಕ್ತಿ ನಡೆಯುತ್ತದೆ.

2022ರ ಆಗಸ್ಟಿನಲ್ಲಿ ಚಿತ್ರದುರ್ಗದ ಮುರುಘಾಮಠದ ನಿಲಯದಲ್ಲಿದ್ದ ಬಾಲಕಿಯರು ಮೈಸೂರಿನಲ್ಲಿ ದೂರು ಕೊಟ್ಟರು. ಸೆಪ್ಟೆಂಬರ್ 1ರಂದು ಶಿವಮೂರ್ತಿ ಮುರುಘಾ ಶರಣರ ಬಂಧನವಾಯಿತು. 2025ರ ನವೆಂಬರಿನಲ್ಲಿ ಚಿತ್ರದುರ್ಗದ ನ್ಯಾಯಾಲಯ ಆ ಪ್ರಕರಣದಲ್ಲಿ ಅವರನ್ನು ದೋಷಮುಕ್ತಗೊಳಿಸಿತು. ಆ ತೀರ್ಪಿನ ಕುರಿತು ಈ ಲೇಖನ ಏನನ್ನೂ ಹೇಳುವುದಿಲ್ಲ. ನಡುವಿನ ಅವಧಿಯಲ್ಲಿ ನಾವು ಏನನ್ನು ಚರ್ಚಿಸಿದೆವು ಎಂಬುದಷ್ಟೇ ನನ್ನ ಪ್ರಶ್ನೆ. 2022ರ ಡಿಸೆಂಬರಿನಲ್ಲಿ ಸರಕಾರ ಆಡಳಿತಾಧಿಕಾರಿಯನ್ನು ನೇಮಿಸಿತು; 2023ರ ಮೇ ತಿಂಗಳಲ್ಲಿ ಹೈಕೋರ್ಟು ಆ ನೇಮಕವನ್ನು ರದ್ದುಪಡಿಸಿತು. ನಾನು ಹೋದ ಜಗಲಿಗಳಲ್ಲೆಲ್ಲ ಮಾತು ಪೀಠದ ಅಧಿಕಾರ ಯಾರಿಗೆ ಎಂಬುದರ ಸುತ್ತಲೇ. ನಮ್ಮ ಪ್ರಸಾದನಿಲಯಗಳಲ್ಲಿ ರಾತ್ರಿ ಮಕ್ಕಳ ಬಳಿ ಯಾರಿರುತ್ತಾರೆ ಎಂದು ಕೇಳಿದವರನ್ನು ನಾನು ಕಾಣಲಿಲ್ಲ, ನಾನೂ ಕೇಳಲಿಲ್ಲ. ಅನುಭವ ಮಂಟಪದಲ್ಲಿ ಎಲ್ಲರಿಗೂ ಮಾತಿನ ಹಕ್ಕಿತ್ತೆಂದು ಭಾಷಣ ಮಾಡುವ ನಮ್ಮಲ್ಲಿ ಹತ್ತು ವರ್ಷದ ಮಗುವಿನ ಮಾತಿಗೆ ಪೀಠ ಎಲ್ಲಿದೆ?

ಕೋಟದ ಆ ತಾಯಿಗೆ ಬಳಿಕ ಹೇಳಿಕಳುಹಿಸಿದೆ. ಪೋಕ್ಸೋ ಕಾಯಿದೆಯಂತೆ ವಿಷಯ ತಿಳಿದವರು ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. ಕೈಕೆಳಗಿನವನ ಅಪರಾಧವನ್ನು ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥನಿಗೆ ಒಂದು ವರ್ಷದವರೆಗೆ ಸೆರೆಯುಂಟು. ಉತ್ತರ ಕೊಡಬೇಕಾದವರು ಇವರೇ. ಮಗನನ್ನು ಸೇರಿಸುವಾಗ ರಾತ್ರಿಯ ಮೇಲ್ವಿಚಾರಕ ಯಾರು, ತಂದೆತಾಯಿ ಯಾವ ದಿನವೂ ಬಂದು ನೋಡಬಹುದೇ, ಮಕ್ಕಳ ಸಹಾಯವಾಣಿ 1098 ಎಲ್ಲಿ ಬರೆದಿದೆ ಎಂದು ಕೇಳು ಎಂದೂ ತಿಳಿಸಿದ್ದೆ.

ಆಕೆ ಕೇಳಿದಳಂತೆ. ಸಂಖ್ಯೆಯ ಹಲಗೆ ವ್ಯವಸ್ಥಾಪಕರ ಕೋಣೆಯ ಒಳಗೋಡೆಯ ಮೇಲಿತ್ತು. ಈಗ ಅದನ್ನು ಮಕ್ಕಳು ಊಟಕ್ಕೆ ಸಾಲು ನಿಲ್ಲುವ ಪಡಸಾಲೆಗೆ ತಂದು ತೂಗುಹಾಕಿದ್ದಾರೆಂದು ಕಾಗದ ಬರೆದಿದ್ದಾಳೆ.