ಅಪ್ಪನ ಹೆಸರಿನ ಪಹಣಿ, ಅವ್ವನ ಕೈಗೆ ಬಾರದ ಹಣ



ಮೂಡಲಪಾಳ್ಯದ ಬಾಡಿಗೆ ಮನೆಗಳಲ್ಲಿರುವ ನಮ್ಮಲ್ಲಿ ಅನೇಕರಿಗೆ ಊರಿನಲ್ಲಿ ಒಂದೋ ಎರಡೋ ಎಕರೆ ಹೊಲ ಇದೆ. ನಾವು ಇಲ್ಲಿ ಗಾರ್ಮೆಂಟ್ಸ್‌ನಲ್ಲೋ ಆಟೋ ಓಡಿಸಿಯೋ ದುಡಿಯುತ್ತೇವೆ, ಅಲ್ಲಿ ವಯಸ್ಸಾದ ಅವ್ವ ರಾಗಿ ಬೆಳೆಯುತ್ತಾಳೆ. "ಪಕ್ಕದ ಹೊಲದವರಿಗೆ ಎರಡು ಸಾವಿರ ಬಂತಂತೆ, ನಮ್ಮವ್ವಂಗೆ ಯಾಕೆ ಬರ್ಲಿಲ್ಲ?" ಈ ಪ್ರಶ್ನೆಯನ್ನು ನಾವು ಸಂಘದ ಸಭೆಗಳಲ್ಲಿ ಮತ್ತೆ ಮತ್ತೆ ಕೇಳುತ್ತೇವೆ.

ಇದು ಪಿಎಂ-ಕಿಸಾನ್ ಹಣ. 2019ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಯೋಜನೆ. ಗಂಡ, ಹೆಂಡತಿ, ಅಪ್ರಾಪ್ತ ಮಕ್ಕಳಿರುವ ಒಂದು ರೈತ ಕುಟುಂಬಕ್ಕೆ ವರ್ಷಕ್ಕೆ 6,000 ರೂಪಾಯಿ, 2,000ದಂತೆ ಮೂರು ಕಂತು. ನಮ್ಮ ರಾಜ್ಯ ಸರ್ಕಾರ 2019ರಿಂದ ಇದಕ್ಕೆ 4,000 ಸೇರಿಸಿ ಕೊಡುತ್ತಿತ್ತು. 2023ರಲ್ಲಿ ಅದು ನಿಂತಿತು.

ಹಣ ಬಾರದಿರಲು ಕಾರಣ ಹೆಚ್ಚಾಗಿ ಪಹಣಿಯಲ್ಲೇ ಇರುತ್ತದೆ. ಪಹಣಿಯ 9ನೇ ಕಾಲಂನಲ್ಲಿ ಭೂಮಿಯ ಒಡೆಯರ ಹೆಸರು, 12ನೇ ಕಾಲಂನಲ್ಲಿ ಸಾಗುವಳಿ ಮಾಡುವವರ ಹೆಸರು ಇರುತ್ತದೆ. ಈ ಯೋಜನೆ ನೋಡುವುದು ಒಡೆಯರ ಹೆಸರನ್ನು ಮಾತ್ರ. ಗೇಣಿಗೆ, ವಾರಕ್ಕೆ ಮಾಡುವವರಿಗೆ ಸಿಗುವುದಿಲ್ಲ. ಅಪ್ಪ ತೀರಿಕೊಂಡು ಹತ್ತು ವರ್ಷವಾದರೂ ಪಹಣಿ ಅವರ ಹೆಸರಲ್ಲೇ ಇದ್ದರೆ, ಉಳುವ ಅವ್ವನೂ ಸರ್ಕಾರದ ಲೆಕ್ಕದಲ್ಲಿ ರೈತಳಲ್ಲ. ಬೆಳೆನಷ್ಟ ಪರಿಹಾರಕ್ಕೂ ಇದೇ ತೊಡಕು.

ಹಾಗಾದರೆ ಏನು ಮಾಡಬೇಕು?

1. ಪೌತಿ ಖಾತೆ ಮಾಡಿಸಿ. ಮರಣ ಪತ್ರ, ವಂಶವೃಕ್ಷ, ಪಹಣಿ, ವಾರಸುದಾರರ ಆಧಾರ್ ಜೊತೆಗೆ ಊರಿನ ಹೋಬಳಿಯ ನಾಡಕಚೇರಿಗೆ ಹೋಗಿ. ವಂಶವೃಕ್ಷದಲ್ಲಿ ಅವ್ವನ ಹೆಸರು, ಮದುವೆಯಾಗಿ ಹೋದ ಅಕ್ಕತಂಗಿಯರ ಹೆಸರು ಬಿಡಬೇಡಿ. ಅದು ಅವರ ಹಕ್ಕು; ಬಿಟ್ಟರೆ ಮುಂದೆ ತಕರಾರೂ ಬರುತ್ತದೆ.

2. ಖಾತೆ ಬದಲಾದ ಮೇಲೆ ರೈತ ಸಂಪರ್ಕ ಕೇಂದ್ರದಲ್ಲಿ ಫ್ರೂಟ್ಸ್ ನೋಂದಣಿ ಮಾಡಿಸಿ ಎಫ್‌ಐಡಿ ನಂಬರ್ ಪಡೆಯಿರಿ. ಎಲ್ಲ ಸರ್ವೆ ನಂಬರ್‌ಗಳೂ ಸೇರಿವೆಯೇ ನೋಡಿಕೊಳ್ಳಿ.

3. ಪಿಎಂ-ಕಿಸಾನ್ ಅರ್ಜಿ ಹಾಕಿ, ಇ-ಕೆವೈಸಿ ಮಾಡಿಸಿ. ಬ್ಯಾಂಕಿನಲ್ಲಿ ಖಾತೆಗೆ ಆಧಾರ್ ಜೋಡಣೆ ಆಗಿದೆಯೇ ಕೇಳಿ. ಬೆರಳಚ್ಚು ಹತ್ತದಿದ್ದರೆ ಮುಖ ತೋರಿಸಿಯೂ ಇ-ಕೆವೈಸಿ ಮಾಡಬಹುದು.

2019ರ ಫೆಬ್ರವರಿ 1ರ ನಂತರ ಕೊಂಡ ಭೂಮಿಗೆ ಈ ಹಣ ಇಲ್ಲ. ಆದರೆ ಒಡೆಯರು ತೀರಿಕೊಂಡು ವಾರಸುದಾರರಿಗೆ ಬಂದ ಭೂಮಿಗೆ ಈ ತಡೆ ಇಲ್ಲ. ಆದ್ದರಿಂದ "ತಡವಾಯ್ತು, ಇನ್ನೇನು ಸಿಗತ್ತೆ" ಎಂದು ಕೈಬಿಡಬೇಡಿ.

ಹಿಂದಿನ ವರ್ಷ ಆದಾಯ ತೆರಿಗೆ ಕಟ್ಟಿದವರಿಗೆ, ಗ್ರೂಪ್ ಡಿ ಬಿಟ್ಟು ಉಳಿದ ಸರ್ಕಾರಿ ನೌಕರರಿಗೆ ಈ ಹಣ ಸಲ್ಲದು. ತೀರಿಕೊಂಡವರ ಖಾತೆಗೆ ಕಂತು ಬರುತ್ತಿದ್ದರೆ ಎಟಿಎಂನಲ್ಲಿ ತೆಗೆದುಕೊಂಡು ಸುಮ್ಮನಿರುವುದೂ ತಪ್ಪು. ಸರ್ಕಾರ ವಾಪಸ್ ಕೇಳುತ್ತದೆ. ಫೋನ್ ಮಾಡಿ ಓಟಿಪಿ ಕೇಳುವವರಿಗೆ ಹೇಳಬೇಡಿ. ಸಂದೇಹವಿದ್ದರೆ ಸಹಾಯವಾಣಿ 155261.

ಆರು ಸಾವಿರದಿಂದ ಬದುಕು ಬದಲಾಗದು ನಿಜ. ಆದರೆ ಬಿತ್ತನೆ ಹೊತ್ತಿಗೆ ಕೈಸಾಲ ತಪ್ಪುತ್ತದೆ. ಅದಕ್ಕಿಂತ ದೊಡ್ಡದು, ಅವ್ವನ ಹೆಸರು ಪಹಣಿಯಲ್ಲಿ ಬಂದರೆ ಆ ಹೊಲದಿಂದ ಅವಳನ್ನು ಯಾರೂ ಸುಲಭವಾಗಿ ಎಬ್ಬಿಸಲಾಗದು. ಮುಂದಿನ ಹಬ್ಬಕ್ಕೆ ಊರಿಗೆ ಹೋದಾಗ ಎರಡು ದಿನ ಹೆಚ್ಚು ರಜೆ ಹಾಕಿ, ಈ ಕೆಲಸ ಮುಗಿಸಿಕೊಂಡೇ ಬನ್ನಿ.