ಹನ್ನೊಂದು ಅಲಾರಂಗೂ ಏಳದ ಹುಡುಗ

ಕಳೆದ ಮಳೆಗಾಲದಲ್ಲಿ ಒಬ್ಬರು ಉಮ್ಮ ಮಗನನ್ನು ಕರೆದುಕೊಂಡು ನಮ್ಮ ಮದ್ರಸಕ್ಕೆ ಬಂದಿದ್ದರು. ಹುಡುಗ ಏಳನೇ ತರಗತಿ. ವಾರದಲ್ಲಿ ಮೂರು ದಿನ ತಡ, ಬಂದ ದಿನವೂ ಕಿತಾಬಿನ ಮೇಲೆಯೇ ನಿದ್ದೆ. "ಎಬ್ಬಿಸಿ ಎಬ್ಬಿಸಿ ಸಾಕಾಯ್ತು ಉಸ್ತಾದರೇ. ಮೊಬೈಲಿನಲ್ಲಿ ಹನ್ನೊಂದು ಅಲಾರಂ ಇಟ್ಟಿದ್ದಾನೆ. ಪಕ್ಕದ ಮನೆಯವರು ಏಳ್ತಾರೆ, ಇವನು ಏಳುವುದಿಲ್ಲ" ಎಂದರು. ಉಪ್ಪ ಸೌದಿಯಲ್ಲಿ. ರಾತ್ರಿ ಮೊಬೈಲ್ ಎಷ್ಟು ಗಂಟೆಗೆ ಕೆಳಗಿಡ್ತಾನೆ ಎಂದು ಕೇಳಿದೆವು. ಉಮ್ಮ ಸುಮ್ಮನಾದರು, ಹುಡುಗ ನೆಲ ನೋಡಿದ.

ಅವನಿಗೆ ಬೈಯಲು ನಮಗೆ ಬಾಯಿ ಬರಲಿಲ್ಲ. ನಾವು ಉಸ್ತಾದರಾಗಿ ಸೇರಿದ ಮೊದಲ ವರ್ಷ, ಒಂದು ರಾತ್ರಿ ಗೆಳೆಯರೊಂದಿಗೆ ಮಾತಾಡುತ್ತಾ ಕೂತು ಎರಡು ಗಂಟೆಗೆ ಮಲಗಿದ್ದೆವು. ತಲೆಯ ಹತ್ತಿರವೇ ಕೀ ಕೊಡುವ ಗಡಿಯಾರ. ಅದು ಬಡಿದದ್ದು ಗೊತ್ತಿಲ್ಲ, ಆದರೆ ನಿಲ್ಲಿಸಿದ ಕೈ ಮಾತ್ರ ನಮ್ಮದೇ. ಕಣ್ಣು ಬಿಟ್ಟಾಗ ಏಳೂವರೆ. ಸುಬುಹಿ ಹೋಗಿತ್ತು. ಮದ್ರಸದ ಬೀಗದ ಕೈ ನಮ್ಮ ಜುಬ್ಬಾದ ಜೇಬಿನಲ್ಲಿ. ಓಡಿ ಹೋದರೆ, ಆಟಿ ತಿಂಗಳ ಆ ಮಳೆಗೆ ಮಕ್ಕಳೆಲ್ಲ ಜಗಲಿಯಲ್ಲಿ ಒದ್ದೆಯಾಗಿ ನಿಂತಿದ್ದಾರೆ. ಒಂದನೇ ತರಗತಿಯ ಸಣ್ಣ ಹುಡುಗಿಯೊಬ್ಬಳಿಗೆ ಸಂಜೆಗೇ ಜ್ವರ ಬಂತು. ಅವಳ ಮನೆಯವರು ನಮಗೆ ಒಂದು ಮಾತೂ ಹೇಳಲಿಲ್ಲ. ಹೇಳಿದ್ದರೆ ಚೆನ್ನಾಗಿತ್ತು.

ಅಂದಿನಿಂದ ನಾವು ಏಳುವ ಉಪಾಯಗಳನ್ನು ಹುಡುಕುತ್ತಾ ಬಂದವರು. ಗೊತ್ತಾದದ್ದು ಇಷ್ಟು: ಅಲಾರಂ ಎಷ್ಟು ಜೋರು ಎಂಬುದಕ್ಕಿಂತ, ಅದು ಮಲಗಿದಲ್ಲಿಂದ ಕೈಗೆ ಸಿಗಬಾರದು ಎಂಬುದೇ ದೊಡ್ಡದು. ಕೈಗೆ ಸಿಕ್ಕಿದರೆ ನಿದ್ದೆಯಲ್ಲೇ ಆಫ್. ಸ್ನೂಝ್ ಒತ್ತಿ ಕೆಲವೇ ನಿಮಿಷಕ್ಕೆ ಕದಿಯುವ ನಿದ್ದೆ ತುಂಡು ತುಂಡು, ಅದರಲ್ಲಿ ಸುಖವೂ ಇಲ್ಲ. ಹನ್ನೊಂದು ಅಲಾರಂ ಇಟ್ಟವನಿಗೆ ಮೊದಲಿನ ಹತ್ತು ಲೆಕ್ಕಕ್ಕೇ ಇಲ್ಲವೆಂದು ಇಟ್ಟಾಗಲೇ ಗೊತ್ತಿರ್ತದೆ.

ಅಮೆರಿಕದ ಎಂಐಟಿಯಲ್ಲಿ ಕಲಿಯುತ್ತಿದ್ದ ಗೌರಿ ನಂದಾ ಎಂಬವರು ಇದಕ್ಕೆಂದೇ ಚಕ್ರವಿರುವ ಗಡಿಯಾರ ಮಾಡಿದರು. ಹೆಸರು ಕ್ಲಾಕಿ. ಹೊಡೆಯಲು ಶುರುವಾದರೆ ಮೇಜಿನಿಂದ ಹಾರಿ ಕೋಣೆಯಿಡೀ ಓಡ್ತದೆ, ಎದ್ದು ಹಿಡಿಯಬೇಕು. ನಗಿಸಿ ಯೋಚಿಸುವಂತೆ ಮಾಡುವ ಸಂಶೋಧನೆಗೆ ಕೊಡುವ ಇಗ್ ನೊಬೆಲ್ 2005ರಲ್ಲಿ ಅವರಿಗೆ ಸಿಕ್ಕಿತು. ನಮ್ಮ ಮನೆಗಳಲ್ಲಾದರೆ ಅದು ಮಂಚದಡಿಯ ತೆಂಗಿನಕಾಯಿ ರಾಶಿಯಲ್ಲಿ ಸಿಕ್ಕಿಬೀಳುವುದು ಖಂಡಿತ. ನಮ್ಮ ಮಟ್ಟಿಗೆ ಒಂದು ಖಾಲಿ ಸ್ಟೀಲ್ ಪಾತ್ರೆ ಸಾಕು. ಮೊಬೈಲನ್ನು ವೈಬ್ರೇಷನ್‌ನಲ್ಲಿಟ್ಟು ಅದರೊಳಗೆ ಹಾಕಿ, ಪಾತ್ರೆಯನ್ನು ವುಝೂ ಮಾಡುವ ನಲ್ಲಿಯ ಹತ್ತಿರ ಇಡಿ. ನಿಲ್ಲಿಸಲು ಹೋದವನ ಮುಂದೆ ನೀರು ಉಂಟು. ನಲ್ಲಿಯ ಫೋಟೋ ತೆಗೆದರೆ ಮಾತ್ರ ನಿಲ್ಲುವ, ಲೆಕ್ಕ ಬಿಡಿಸಿದರೆ ಮಾತ್ರ ನಿಲ್ಲುವ ಆ್ಯಪ್‌ಗಳೂ ಇವೆ. ಆದರೆ ನಮ್ಮ ಹುಡುಗನೊಬ್ಬ ನಲ್ಲಿಯ ಫೋಟೋ ಹೊಡೆದು, ಪುನಃ ಬಂದು ಹೊದ್ದು ಮಲಗಿದ್ದಾನೆ!

ಇನ್ನೊಂದು ವಿಷಯ ನಮಗೆ ಬಹಳ ಹಿಡಿಸಿತು. ಅಮೆರಿಕದ ಓಹಿಯೋ ರಾಜ್ಯದ ಮಕ್ಕಳ ಆಸ್ಪತ್ರೆಯೊಂದರ ಸಂಶೋಧಕರು, ಮನೆಗೆ ಬೆಂಕಿ ಬಿದ್ದಾಗ ಕೂಗುವ ಅಲಾರಂಗೆ ಮಕ್ಕಳು ಏಳುತ್ತಾರೋ ಎಂದು ಪರೀಕ್ಷಿಸಿದರು. ಬರೀ ಬೀಪ್ ಶಬ್ದಕ್ಕೆ ಸುಮಾರು ಅರ್ಧದಷ್ಟು ಮಕ್ಕಳು ಏಳಲಿಲ್ಲ. ತಾಯಿಯ ಧ್ವನಿ ರೆಕಾರ್ಡ್ ಮಾಡಿ ಕೇಳಿಸಿದಾಗ ಹೆಚ್ಚಿನವರು ಎದ್ದರು, ಬೇಗನೆಯೂ ಎದ್ದರು.

ಇದನ್ನು ಆ ಉಮ್ಮನಿಗೆ ಹೇಳಿದಾಗ ಅವರು ಇನ್ನೊಂದು ಸಂಗತಿ ಬಿಚ್ಚಿದರು. ತನ್ನ ಧ್ವನಿ ಕೇಳಿ ಕೇಳಿ ಮಗನಿಗೆ ಅಭ್ಯಾಸವಾಗಿದೆ, ಹಾಗಾಗಿ ಕೆಲವು ದಿನ ಉಪ್ಪನೇ ಸೌದಿಯಿಂದ ಫೋನ್ ಮಾಡಿ ಎಬ್ಬಿಸುವುದಂತೆ. ನಮ್ಮಲ್ಲಿ ಬೆಳಿಗ್ಗೆ 5.15 ಅಂದರೆ ಅಲ್ಲಿ ರಾತ್ರಿ 2.45. ಹಗಲಿಡೀ ದುಡಿದ ಮನುಷ್ಯ ಮಗನ ಸುಬುಹಿಗಾಗಿ ತಾನು ಅಲಾರಂ ಇಟ್ಟುಕೊಂಡು ಏಳುವುದು. ಹುಡುಗನಿಗೆ ಇದು ಗೊತ್ತೇ ಇರಲಿಲ್ಲ. ಉಪ್ಪ ಅಲ್ಲಿ ಎಚ್ಚರವಾಗಿಯೇ ಇರುತ್ತಾರೆಂದು ಅವನು ತಿಳಿದಿದ್ದ. ಗಡಿಯಾರದ ಲೆಕ್ಕ ಹೇಳಿದಾಗ ಅವನ ಮುಖ ಸಣ್ಣದಾಯಿತು.

ಮತ್ತೆ ಅವನ ರಾತ್ರಿಯ ಲೆಕ್ಕ ಹಾಕಿದೆವು. ಮಲಗುವುದು 12.30ಕ್ಕೆ, ಏಳಬೇಕಾದದ್ದು 5.15ಕ್ಕೆ. ನಾಲ್ಕು ಮುಕ್ಕಾಲು ಗಂಟೆ. 13ರಿಂದ 18ರ ಪ್ರಾಯಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕೆಂದು ವೈದ್ಯರು ಹೇಳುತ್ತಾರೆ. ಆ ಪ್ರಾಯದಲ್ಲಿ ದೇಹಕ್ಕೆ ನಿದ್ದೆ ಹತ್ತುವುದೂ ತಡ, ಅದು ಮಕ್ಕಳ ಹಠ ಅಲ್ಲ. ಅದರ ಮೇಲೆ ಮೊಬೈಲಿನ ಬೆಳಕು. ಇಶಾ ಆದ ಮೇಲೆ ಮಾತಿಗೆ ಕೂರುವುದು ಪ್ರವಾದಿ(ಸ)ರಿಗೆ ಇಷ್ಟವಿರಲಿಲ್ಲ ಎಂದು ನಾವು ಮಕ್ಕಳಿಗೆ ಪಾಠ ಮಾಡುತ್ತೇವೆ. ಆದರೆ ಮನೆಯಲ್ಲಿ ದೊಡ್ಡವರೇ 12 ಗಂಟೆಯವರೆಗೆ ರೀಲ್ಸ್ ನೋಡಿದರೆ ಮಗು ಯಾವ ಪಾಠ ಕೇಳಬೇಕು? ಈ ಮಾತು ನಮ್ಮ ಮನೆಗೂ ಸೇರಿಯೇ ಹೇಳುವುದು.

ಮಕ್ಕಳನ್ನು "ಶೈತಾನ್ ಹಿಡಿದವನು" ಎಂದು ಬೈದು ಎಬ್ಬಿಸುವುದನ್ನು ಮಾತ್ರ ದಯವಿಟ್ಟು ಬಿಡಿ. ಖೈಬರ್‌ನಿಂದ ಮರಳುವ ದಾರಿಯಲ್ಲಿ ದಣಿದ ಪ್ರವಾದಿ(ಸ)ರು ತಂಗಿದಾಗ, ಸುಬುಹಿಗೆ ಎಬ್ಬಿಸುವ ಹೊಣೆ ಬಿಲಾಲ್(ರ)ರದ್ದಾಗಿತ್ತು. ಅವರೂ ಒಂಟೆಗೆ ಒರಗಿ ಕೂತಲ್ಲೇ ನಿದ್ದೆ ಹೋದರು. ಬಿಸಿಲು ಮೈಗೆ ತಾಗಿದಾಗಲೇ ಎಲ್ಲರಿಗೂ ಎಚ್ಚರ. ಬಿಲಾಲರಿಗೆ ಶಿಕ್ಷೆಯಾಗಲಿಲ್ಲ. ಅಲ್ಲಿಂದ ಸ್ವಲ್ಪ ಮುಂದೆ ಸಾಗಿ ವುಝೂ ಮಾಡಿ ನಮಾಝ್ ಮಾಡಿದರು.

ಆ ಮನೆಯಲ್ಲಿ ಈಗ ರಾತ್ರಿ 10 ಗಂಟೆಗೆ ಉಮ್ಮನ ಮೊಬೈಲೂ ಮಗನ ಮೊಬೈಲೂ ಒಂದೇ ಪಾತ್ರೆಗೆ ಬೀಳುತ್ತವೆ. ಒಂದೇ ದಿನಕ್ಕೆ ಆದದ್ದಲ್ಲ. ವಾರಕ್ಕೆ ಕಾಲು ಗಂಟೆಯಂತೆ ಹಿಂದೆ ತಂದದ್ದು, ನಡುವೆ ಎರಡು ಸಲ ಜಗಳವೂ ಆಗಿದೆ. ಉಪ್ಪನ ಧ್ವನಿಯನ್ನು ವಾಟ್ಸ್ಆ್ಯಪ್‌ನಲ್ಲಿ ತರಿಸಿ ಅಲಾರಂಗೆ ಹಾಕಿದ್ದಾರೆ: "ಏಳು ಮೋನೇ, ಬಾಂಗ್ ಆಯಿತು." ಹುಡುಗ ಈಗಲೂ ವಾರಕ್ಕೊಮ್ಮೆ ತಡವಾಗಿಯೇ ಬರುತ್ತಾನೆ. ಪಾತ್ರೆಯಿಂದ ಉಪ್ಪನ ಧ್ವನಿ ಬಂದ ಕೂಡಲೇ ಮೊದಲು ಎದ್ದು ಕೂರುವುದು ಎರಡು ವರ್ಷದ ತಂಗಿಯಂತೆ. ಮತ್ತೆ ಅವಳೇ ಹೋಗಿ ಅಣ್ಣನ ಕೂದಲು ಎಳೆಯುತ್ತಾಳೆ.